ಗದ್ದೆಗೆ ಯಂತ್ರ ಇಳಿಯುವ ಮೊದಲು

ಸೆಪ್ಟೆಂಬರ್ 8ರ ತೆನೆ ಹಬ್ಬದಂದು ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ನಾವೆಲ್ಲರೂ ಭಕ್ತಿಯಿಂದ ಮನೆಗೆ ಒಯ್ಯುತ್ತೇವೆ. ಅದರ ಕಾಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಕುಟುಂಬದವರು ಒಟ್ಟಾಗಿ ಸೇವಿಸುತ್ತೇವೆ. ಆದರೆ ಈ ತೆನೆ ಬಂದದ್ದು ಯಾರ ಗದ್ದೆಯಿಂದ ಎಂದು ಕೇಳಿದರೆ, "ನಮ್ಮ ಗದ್ದೆಯಿಂದ" ಎನ್ನುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕರಾವಳಿಯಲ್ಲಿ ಗದ್ದೆಗಳು ಹಡಿಲು ಬೀಳುತ್ತಿವೆ. ಕೂಲಿಯಾಳುಗಳು ಸಿಗುವುದಿಲ್ಲ ಎಂಬುದು ಎಲ್ಲರೂ ಹೇಳುವ ಮೊದಲ ಕಾರಣ. ಹಾಗಾದರೆ ನಾಟಿ ಯಂತ್ರ, ಕಟಾವು ಯಂತ್ರ ಬಂದು ಇಷ್ಟು ವರ್ಷವಾದರೂ ಎಲ್ಲರೂ ಅವನ್ನು ಏಕೆ ಬಳಸುತ್ತಿಲ್ಲ?

ಇದಕ್ಕೆ ಉತ್ತರ ಬೇಕಾದರೆ ನಮ್ಮ ಬೇಸಾಯದ ಕ್ರಮವನ್ನು ಮೊದಲು ನೋಡಬೇಕು. ನಮ್ಮ ಹಿರಿಯರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ವಿಧವಾಗಿ ಗುರುತಿಸಿದ್ದರು. ತಗ್ಗಿನ ಬೈಲಿನಲ್ಲಿ ನೀರು ಹೆಚ್ಚು ಕಾಲ ನಿಲ್ಲುವುದರಿಂದ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ ತೆಗೆಯಬಹುದಿತ್ತು. ಮಜಲಿನಲ್ಲಿ ಎರಡು ಬೆಳೆ. ಎತ್ತರದ ಬೆಟ್ಟು ಗದ್ದೆಗೆ ಮಳೆಯೇ ಆಧಾರವಾದ್ದರಿಂದ ಒಂದೇ ಬೆಳೆ. ಗದ್ದೆಯ ಬೈಹುಲ್ಲು ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ ಮತ್ತು ತೋಟಕ್ಕೆ, ಗುಡ್ಡದ ಸೊಪ್ಪು ಹಟ್ಟಿಗೆ. ಗದ್ದೆಯಲ್ಲಿ ನಿಂತ ನೀರು ಇಂಗಿ ಬಾವಿಗೆ. ಹೀಗೆ ಒಂದಕ್ಕೊಂದು ಹೆಣೆದುಕೊಂಡ ವ್ಯವಸ್ಥೆಯಲ್ಲಿ ಒಂದು ಎಳೆಯನ್ನು ಬದಲಿಸಿದರೆ ಉಳಿದವೂ ಅಲುಗುತ್ತವೆ.

ನಾಟಿ ಯಂತ್ರವನ್ನೇ ನೋಡೋಣ. ಇದಕ್ಕೆ ಹಳೆಯ ರೀತಿಯ ನೇಜಿ ಆಗುವುದಿಲ್ಲ. ಟ್ರೇಗಳಲ್ಲಿ ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ಜರಡಿ ಹಿಡಿದ ಮಣ್ಣನ್ನು ತೆಳುವಾಗಿ ಹರಡಿ, ಮೊಳಕೆ ಬಂದ ಬೀಜ ಬಿತ್ತಿ, ಚಾಪೆಯಂತೆ ಸುರುಳಿ ಸುತ್ತಬಹುದಾದ ಸಸಿಮಡಿ ತಯಾರಿಸಬೇಕು. ಎಕರೆಗೆ ಸುಮಾರು 15 ಕಿಲೋ ಬೀಜ ಸಾಕು. ಸಸಿ 15ರಿಂದ 18 ದಿನದ್ದಾದಾಗ ನಾಟಿಯಾಗಬೇಕು. ಬೆಳೆದು ಉದ್ದವಾದರೆ ಯಂತ್ರ ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಗದ್ದೆಯನ್ನು ಸಮತಟ್ಟು ಮಾಡಿ, ಉತ್ತ ಕೆಸರು ಒಂದೆರಡು ದಿನ ತಳವೂರಲು ಬಿಡಬೇಕು. ನಾಟಿಯ ವೇಳೆ ನೀರು ತೆಳುವಾಗಿರಬೇಕು. ಎಲ್ಲವೂ ಸರಿಯಾಗಿದ್ದರೆ ಎಂಟು ಸಾಲಿನ ಯಂತ್ರ ದಿನಕ್ಕೆ 3-4 ಎಕರೆ ನೆಡುತ್ತದೆ. ಸಾಲು ನೇರವಾಗಿರುವುದರಿಂದ ಕಳೆ ತೆಗೆಯುವುದೂ ಸುಲಭ.

ಅಂದರೆ ಯಂತ್ರ ಒಂಟಿಯಾಗಿ ಬರುವುದಿಲ್ಲ. ತನ್ನ ಜೊತೆ ಹೊಸ ದಿನಚರಿಯನ್ನೂ ತರುತ್ತದೆ. 1974ರ ಭೂಸುಧಾರಣೆ ತಿದ್ದುಪಡಿಯಿಂದ ನಮ್ಮಲ್ಲಿ ಅನೇಕ ಗೇಣಿದಾರರು ಭೂಮಿಯ ಒಡೆಯರಾದರು. ಅದು ದೊಡ್ಡ ನ್ಯಾಯ. ಮುಂದೆ ಆ ಭೂಮಿ ಮಕ್ಕಳೊಳಗೆ ಪಾಲಾಗಿ ಇನ್ನಷ್ಟು ಚಿಕ್ಕದಾಯಿತು. ಹತ್ತು ಸೆಂಟ್ಸಿನ ಗದ್ದೆಯಲ್ಲಿ ಯಂತ್ರ ತಿರುಗುವುದೇ ಕಷ್ಟ. ನೆರೆಯವರ ಗದ್ದೆ ದಾಟದೆ ಒಳಗೆ ಹೋಗಲು ದಾರಿಯಿಲ್ಲ. ಆಳ ಕೆಸರಿನ ಬೈಲಿನಲ್ಲಿ ಹೂತುಹೋಗುವ ಭಯ ಬೇರೆ. ಕಟಾವು ಯಂತ್ರ ಬಂದರೆ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ, ಆದರೆ ಬೈಹುಲ್ಲು ಮೊದಲಿನಂತೆ ಕೈಗೆ ಸಿಗುವುದಿಲ್ಲ. ಎರಡು ದನ ಸಾಕುವ ಮನೆಗೆ ಅದು ಸಣ್ಣ ನಷ್ಟವಲ್ಲ. ಇದನ್ನು ತಿಳಿಯದೆ ರೈತರನ್ನು "ಹಳೆ ಕಾಲದವರು" ಎನ್ನುವುದು ತಪ್ಪು.

ಹೊಸತನ್ನು ಜನ ಹೇಗೆ ಒಪ್ಪಿಕೊಳ್ಳುತ್ತಾರೆ ಎಂಬ ಬಗ್ಗೆ ಅಮೆರಿಕದ ಅಯೋವಾ ರಾಜ್ಯದಲ್ಲಿ ನಡೆದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬವರು ಹೈಬ್ರಿಡ್ ಮೆಕ್ಕೆಜೋಳದ ಕುರಿತು 259 ರೈತರನ್ನು ವಿಚಾರಿಸಿ 1943ರಲ್ಲಿ ವರದಿ ಪ್ರಕಟಿಸಿದರು. ಹೊಸ ಬೀಜದ ಸುದ್ದಿ ಹೆಚ್ಚಿನವರಿಗೆ ಮೊದಲು ತಲುಪಿದ್ದು ಮಾರಾಟಗಾರರಿಂದ. ಆದರೆ ಬಿತ್ತುವ ಧೈರ್ಯ ಕೊಟ್ಟವರಲ್ಲಿ ನೆರೆಹೊರೆಯವರೇ ಮುಖ್ಯರು. ಮೊದಲು ಸ್ವಲ್ಪ ಜಾಗದಲ್ಲಿ ಬಿತ್ತಿ ನೋಡಿ, ಆಮೇಲೆ ವಿಸ್ತರಿಸಿದರು. ನಮ್ಮಲ್ಲಿಯೂ ಅಷ್ಟೇ. ಭಾಷಣ ಕೇಳಿ ಯಾರೂ ಗದ್ದೆಗಿಳಿಯುವುದಿಲ್ಲ. ಪಕ್ಕದ ಮನೆಯವರ ಪೈರು ಹಸಿರಾಗಿ ನಿಂತದ್ದನ್ನು ಕಂಡಾಗ ಇಳಿಯುತ್ತಾರೆ.

ಹಾಗಾದರೆ ನಾವು ಏನು ಮಾಡಬಹುದು? ಒಂದೇ ಬೈಲಿನ ಐದಾರು ಮನೆಯವರು ಕೂಡಿ, ಒಂದೇ ತಳಿ ಆರಿಸಿ, ಒಂದೇ ವಾರದಲ್ಲಿ ಸಸಿಮಡಿ ಮಾಡಿದರೆ ಬಾಡಿಗೆ ಯಂತ್ರ ಬರುವುದೂ ಸುಲಭ, ಖರ್ಚೂ ಹಂಚಿಹೋಗುತ್ತದೆ. ಸರಕಾರದ ಕೃಷಿ ಯಂತ್ರಧಾರೆಯಂತಹ ಬಾಡಿಗೆ ಕೇಂದ್ರಗಳು ಇರುವುದರಿಂದ ಪ್ರತಿಯೊಬ್ಬರೂ ಸಾಲ ಮಾಡಿ ಯಂತ್ರ ಕೊಳ್ಳಬೇಕಾಗಿಲ್ಲ. ತಳಿ ಮತ್ತು ಮಣ್ಣಿನ ವಿಚಾರಕ್ಕೆ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರವಿದೆ, ಬ್ರಹ್ಮಾವರದ ಸಂಶೋಧನಾ ಕೇಂದ್ರವಿದೆ. ಟ್ರೇ ಸಸಿಮಡಿ ತಯಾರಿಸುವ ಕೆಲಸವನ್ನು ಮಹಿಳೆಯರ ಸ್ವಸಹಾಯ ಸಂಘಗಳಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ಸೊಂಟ ಬಗ್ಗಿಸಿ ನೇಜಿ ನೆಟ್ಟು ಸಂಸಾರ ಸಾಗಿಸಿದ ತಾಯಂದಿರನ್ನು ಯಂತ್ರದ ಹೆಸರಿನಲ್ಲಿ ನಾವು ಮರೆಯಬಾರದು.

2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆದಾಗ, ವರ್ಷಗಟ್ಟಲೆ ಪಾಳು ಬಿದ್ದ ಗದ್ದೆಗಳಲ್ಲೂ ಭತ್ತ ಬೆಳೆಯಬಹುದೆಂದು ಎಲ್ಲರೂ ಕಂಡರು. ಒಂದು ವರ್ಷ ನೆಡುವುದು ಉತ್ಸಾಹದಿಂದ ಆಗುತ್ತದೆ. ಪ್ರತಿ ವರ್ಷ ನೆಡಬೇಕಾದರೆ ಲೆಕ್ಕ ಸರಿ ಹೊಂದಬೇಕು. ಆದ್ದರಿಂದ ಗುರಿಕಾರರು ಮೇ ತಿಂಗಳೊಳಗೆ ತಮ್ಮ ವಾರ್ಡಿನಲ್ಲಿ ಯಾರ ಗದ್ದೆ ಹಡಿಲು ಬಿದ್ದಿದೆ, ಯಂತ್ರಕ್ಕೆ ದಾರಿ ಎಲ್ಲಿದೆ, ದಾರಿ ಬಿಟ್ಟುಕೊಡಲು ಯಾರು ಒಪ್ಪುತ್ತಾರೆ ಎಂದು ಒಮ್ಮೆ ವಿಚಾರಿಸಿದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧವನ್ನು ಮಳೆ ಮತ್ತು ನೆರೆಮನೆಯವರು ಸೇರಿ ಮುಗಿಸುತ್ತಾರೆ.