ಆಲದ ಮರದಡಿಯ ಔಷಧಾಲಯ



ನವೆಂಬರ್ 1 ಸಕಲ ಸಂತರ ಹಬ್ಬ. ಅಂದು ನಾವು ದೇವಾಲಯದಲ್ಲಿ ಪ್ರತಿಮೆಯಿರುವ ಸಂತರನ್ನಷ್ಟೇ ಅಲ್ಲ, ಲೋಕಕ್ಕೆ ಹೆಸರು ತಿಳಿಯದ ಅಸಂಖ್ಯಾತ ಪುಣ್ಯವಂತರನ್ನೂ ನೆನೆಯುತ್ತೇವೆ. 1910ರಲ್ಲಿ ಇದೇ ಹಬ್ಬದ ದಿನ ಯೇಸುಸಭೆಯ ಯಾಜಕರಾದ ಫಾದರ್ ಆಗಸ್ಟಸ್ ಮುಲ್ಲರ್ ದೈವಾಧೀನರಾದರು. ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿಲ್ಲ. ಆದರೂ ಮಂಗಳೂರಿನ ಕಂಕನಾಡಿಯಲ್ಲಿ ಅವರು ಆರಂಭಿಸಿದ ಸೇವೆ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ.

1841ರಲ್ಲಿ ಜರ್ಮನಿಯಲ್ಲಿ ಜನಿಸಿದ ಅವರು 1878ರ ಕೊನೆಗೆ ಮಂಗಳೂರಿಗೆ ಬಂದರು. ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಕಾಯಿಲೆಬಿದ್ದ ವಿದ್ಯಾರ್ಥಿಗಳಿಗೆ ಹೋಮಿಯೋಪತಿ ಗುಳಿಗೆ ಕೊಡುತ್ತಿದ್ದರು. 1880ರಲ್ಲಿ ಕಂಕನಾಡಿಯ ಆಲದ ಮರದಡಿ ಬಡವರಿಗಾಗಿ ಔಷಧಾಲಯ ತೆರೆದರು. ಅಲ್ಲಿನ ಔಷಧಗಳು ಅಂಚೆಯಲ್ಲಿ ದೂರದ ಊರುಗಳಿಗೂ ಹೋದವು.

ಕುಷ್ಠರೋಗ ಬಂದವರನ್ನು ಮನೆಯವರೇ ಹೊರಗೆ ಕಳುಹಿಸುತ್ತಿದ್ದ ಕಾಲವದು. ಫಾದರ್ ಮುಲ್ಲರ್ 1890ರಲ್ಲಿ ಅವರಿಗಾಗಿ ಆಸ್ಪತ್ರೆ ಕಟ್ಟಿದರು. 1902ರಲ್ಲಿ ಪ್ಲೇಗ್ ಹಬ್ಬಿದಾಗ ಜನ ಭಯದಿಂದ ದೂರ ಸರಿದರು; ಅವರು ಪ್ಲೇಗ್ ರೋಗಿಗಳಿಗೂ ಆಸ್ಪತ್ರೆ ತೆರೆದರು.

ಈಗ ಮಂಗಳೂರು ಧರ್ಮಪ್ರಾಂತ್ಯ ನಡೆಸುತ್ತಿರುವ ಈ ಸಂಸ್ಥೆಗೆ ಸಾವಿರಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಿದೆ. 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದವು. ದಾದಿಯರ ತರಬೇತಿಯೂ ಇದೆ. ಬಂಟ್ವಾಳದ ಬಳಿ ತುಂಬೆಯಲ್ಲೂ ಅದರ ಆಸ್ಪತ್ರೆಯಿದೆ. 'ಗುಣಪಡಿಸು, ಸಾಂತ್ವನ ನೀಡು' ಎಂಬುದು ಸಂಸ್ಥೆಯ ಧ್ಯೇಯವಾಕ್ಯ.

ಅದರ ಮೊದಲ ಮಾತಿಗೆ ವೈದ್ಯರು ಬೇಕು. ಎರಡನೆಯದಕ್ಕೆ ನಾವೇ ಸಾಕು. ಆದರೆ ನಾವು ಅಲ್ಲಿಯೇ ಸೋಲುತ್ತೇವೆ. 2020ರಲ್ಲಿ ಕೊರೋನಾ ಬಂದಾಗ ನೆರೆಮನೆಯ ರೋಗಿಯನ್ನು ಕಂಡು ನಾವೂ ಕದ ಮುಚ್ಚಿಕೊಂಡೆವು. ಎಚ್ಚರಿಕೆ ಅಗತ್ಯವಾಗಿತ್ತು, ನಿಜ. ಆದರೆ ಕಾಯಿಲೆ ಹೋದ ಮೇಲೂ ಎಷ್ಟೋ ಕದಗಳು ತೆರೆಯಲಿಲ್ಲ. ಇಂದೂ ಮಾನಸಿಕ ಕಾಯಿಲೆಯವರನ್ನು, ಏಯ್ಡ್ಸ್ ಪೀಡಿತರನ್ನು ನಾವು ಬಂಧುಗಳಿಂದಲೇ ಮರೆಮಾಡುತ್ತೇವೆ.

ಹಾಸಿಗೆ ಹಿಡಿದ ಹಿರಿಯರಿಗೆ ಯಾಜಕರಾದ ನಾವು ಪರಮಪ್ರಸಾದ ಕೊಂಡೊಯ್ಯುತ್ತೇವೆ. ಉಳಿದ ದಿನ ಅವರ ಕೋಣೆಗೆ ಹೋಗುವವರು ಯಾರು? ಹಬ್ಬದ ಬಲಿಪೂಜೆ ಮುಗಿದ ಮೇಲೆ ನಮ್ಮ ವಾಳೆಯ ಒಬ್ಬ ರೋಗಿಯ ಮನೆಗೆ ಮಕ್ಕಳನ್ನೂ ಕರೆದುಕೊಂಡು ಹೋಗೋಣ. ಹಣ್ಣಿನ ಚೀಲ ಕೊಟ್ಟು ಓಡಿಬರದೆ ಅರ್ಧ ಗಂಟೆ ಹತ್ತಿರ ಕುಳಿತು ಅವರ ಮಾತು ಕೇಳೋಣ. ದಯಾವಂತರು ಭಾಗ್ಯವಂತರೆಂದು ಯೇಸುಸ್ವಾಮಿ ಹೇಳಿದ್ದು ನಮಗೂ ಸಲ್ಲಲಿ.

ಸಕಲ ಸಂತರೇ, ನಮಗಾಗಿ ಪ್ರಾರ್ಥಿಸಿರಿ.