ಲಿನಕ್ಸ್‌ನಲ್ಲಿ ವೈ-ಫೈ ಆಮೆಗತಿಯೇ? ಕಾರ್ಡ್ ಬದಲಿಸುವ ಮುನ್ನ ಇದನ್ನು ಓದಿ

ಅದೇ ಮನೆ, ಅದೇ ರೂಟರ್. ಮೊಬೈಲ್‌ನಲ್ಲಿ ಸರಾಗವಾಗಿ ಓಡುವ ವಿಡಿಯೋ ಲಿನಕ್ಸ್ ಅಳವಡಿಸಿದ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ತಡವರಿಸುತ್ತದೆ. ಇಂಥ ಸಂದರ್ಭದಲ್ಲಿ ಕೆಲವರು ಹೊಸ ಕಾರ್ಡ್ ಕೊಳ್ಳುತ್ತಾರೆ, ಕೆಲವರು ಅಂತರಜಾಲಕ್ಕೆ ಹೆಚ್ಚು ಶುಲ್ಕ ತೆರುತ್ತಾರೆ. ಮುಕ್ತ ತಂತ್ರಾಂಶದ ಸಹವಾಸವೇ ಬೇಡವೆಂದು ಕೈಮುಗಿಯುವವರೂ ಉಂಟು. ಆದರೆ ಅನೇಕ ವೇಳೆ ದೋಷವಿರುವುದು ಯಂತ್ರದಲ್ಲಲ್ಲ, ಅದರ ಹೊಂದಾಣಿಕೆಯಲ್ಲಿ.

ದೋಷ ಎಲ್ಲಿದೆ?

ಮೊದಲು ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ರೂಟರ್‌ಗೆ ಜೋಡಿಸಿ ನೋಡಬೇಕು. ಆಗಲೂ ವೇಗ ಕಡಿಮೆಯಿದ್ದರೆ ವೈ-ಫೈಯನ್ನು ದೂರಿ ಫಲವಿಲ್ಲ. ಕೇಬಲ್‌ನಲ್ಲಿ ವೇಗ ಸರಿಯಿದ್ದರೆ, ಟರ್ಮಿನಲ್‌ನಲ್ಲಿ 'ಐಡಬ್ಲ್ಯೂ' ಸಾಧನದ 'ಲಿಂಕ್' ಆದೇಶವು ಸಂಕೇತದ ಬಲ ಹಾಗೂ ಸಂಪರ್ಕದ ವೇಗ ಎರಡನ್ನೂ ತಿಳಿಸುತ್ತದೆ. ಬಲ -50 ಡಿಬಿಎಂ ಆಸುಪಾಸಿನಲ್ಲಿದ್ದರೆ ಉತ್ತಮ. -75ಕ್ಕೆ ಇಳಿದಿದ್ದರೆ ದುರ್ಬಲ. ಬಲ ಚೆನ್ನಾಗಿದ್ದೂ ವೇಗ ಕುಸಿದಿದ್ದರೆ ಚಾಲಕ ತಂತ್ರಾಂಶದತ್ತ ಗಮನ ಹರಿಸಬೇಕು.

ಚಾಲಕ ಮತ್ತು ಫರ್ಮ್‌ವೇರ್

ಒಂದು ಕಾಲದಲ್ಲಿ ಲಿನಕ್ಸ್‌ಗೆ ಚಾಲಕಗಳೇ ಸಿಗದೆ, ವಿಂಡೋಸ್‌ನ ಚಾಲಕವನ್ನು 'ಎನ್‌ಡಿಐಎಸ್‌ರ್‍ಯಾಪರ್' ಮೂಲಕ ಓಡಿಸಲಾಗುತ್ತಿತ್ತು. 2008ರಲ್ಲಿ ಅಥೆರೋಸ್ ಕಾರ್ಡ್‌ಗಳ ಮುಕ್ತ ಚಾಲಕ ಕರ್ನಲ್ ಸೇರಿತು. 2010ರಲ್ಲಿ ಬ್ರಾಡ್‌ಕಾಮ್ ಸಹ ತನ್ನ ಮುಕ್ತ ಚಾಲಕವನ್ನು ಪ್ರಕಟಿಸಿತು. ಆದರೂ ಕಾರ್ಡ್‌ನೊಳಗೆ ಓಡುವ ಫರ್ಮ್‌ವೇರ್ ಅನೇಕ ಬಾರಿ ಪ್ರತ್ಯೇಕ ಪೊಟ್ಟಣವಾಗಿಯೇ ಬರುತ್ತದೆ. 2023ರ ಡೆಬಿಯನ್ 12ಕ್ಕಿಂತ ಮುಂಚಿನ ಅಧಿಕೃತ ಅನುಸ್ಥಾಪನಾ ಡಿಸ್ಕ್‌ಗಳಲ್ಲಿ ಮುಕ್ತವಲ್ಲದ ಫರ್ಮ್‌ವೇರ್ ಇರುತ್ತಿರಲಿಲ್ಲ. ಕರ್ನಲ್‌ನ ದಾಖಲೆಯಲ್ಲಿ ಫರ್ಮ್‌ವೇರ್ ಸಿಗಲಿಲ್ಲವೆಂಬ ಸಾಲು ಕಂಡರೆ ಆ ಪೊಟ್ಟಣವನ್ನು ಅಳವಡಿಸುವುದೇ ಮೊದಲ ಮದ್ದು.

ತೂಕಡಿಸುವ ಕಾರ್ಡ್

ಬ್ಯಾಟರಿ ಉಳಿಸಲೆಂದು ಕಾರ್ಡ್ ಆಗಾಗ ನಿದ್ರೆಗೆ ಜಾರುತ್ತದೆ. ಅಷ್ಟರಲ್ಲಿ ಬಂದ ದತ್ತಾಂಶವನ್ನು ರೂಟರ್ ತಡೆಹಿಡಿದು, ಕಾರ್ಡ್ ಎಚ್ಚರಗೊಂಡ ನಂತರ ರವಾನಿಸುತ್ತದೆ. ಕೆಲವು ಚಾಲಕಗಳಲ್ಲಿ ಈ ವ್ಯವಸ್ಥೆ ಸರಿಹೊಂದದೆ ಪುಟಗಳು ತಡವಾಗಿ ತೆರೆದುಕೊಳ್ಳುತ್ತವೆ. 'ಐಡಬ್ಲ್ಯೂ' ಮೂಲಕವೇ 'ಪವರ್ ಸೇವ್' ಅನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಪರೀಕ್ಷಿಸಬಹುದು. ಗುಣ ಕಂಡರೆ 'ನೆಟ್‌ವರ್ಕ್‌ಮ್ಯಾನೇಜರ್' ಕಡತದಲ್ಲಿ ಅದರ ಬೆಲೆಯನ್ನು 2 ಎಂದು ನಮೂದಿಸಿದರೆ ಬದಲಾವಣೆ ಕಾಯಂ ಆಗುತ್ತದೆ. ಬ್ಯಾಟರಿ ಮಾತ್ರ ತುಸು ಬೇಗ ಖಾಲಿಯಾದೀತು.

ಆಂಟೆನಾ ಅದಲುಬದಲು

ರೂಟರ್ ಪಕ್ಕದಲ್ಲೇ ಕುಳಿತರೂ ಸಂಕೇತ ದುರ್ಬಲವಾಗಿದ್ದರೆ ಕಾರಣ ಬೇರೆಯೇ ಇರಬಹುದು. ರಿಯಲ್‌ಟೆಕ್‌ನ 8723ಬಿಇ ಕಾರ್ಡ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಕಾರ್ಡ್‌ಗೆ ಒಂದೇ ಆಂಟೆನಾ ಜೋಡಿಸಿರುತ್ತಾರೆ. ಚಾಲಕವು ತಂತಿಯಿಲ್ಲದ ಇನ್ನೊಂದು ತುದಿಯನ್ನು ಆರಿಸಿಕೊಳ್ಳುತ್ತದೆ. ಚಾಲಕದ 'ಆಂಟ್-ಸೆಲ್' ಆಯ್ಕೆಗೆ 1 ಅಥವಾ 2 ಎಂದು ಕೊಟ್ಟು, ಯಾವುದರಲ್ಲಿ ಬಲ ಏರುವುದೋ ಅದನ್ನು ಉಳಿಸಿಕೊಂಡರಾಯಿತು. ಒಂದು ಅಂಕಿಯಿಂದ ಆಗುವ ಕೆಲಸಕ್ಕೆ ಹೊಸ ಕಾರ್ಡ್ ಬೇಕಿಲ್ಲ.

ರೂಟರ್‌ನತ್ತಲೂ ಕಣ್ಣಿರಲಿ

ಹಳೆಯ 'ಟಿಕೆಐಪಿ' ಗೂಢಲಿಪಿ ಬಳಸಿದರೆ ವೇಗ ಸೆಕೆಂಡಿಗೆ 54 ಮೆಗಾಬಿಟ್ ದಾಟುವುದಿಲ್ಲ; 'ಎಇಎಸ್' ಆಯ್ಕೆ ಸೂಕ್ತ, ಸುರಕ್ಷಿತವೂ ಹೌದು. ಬ್ಲೂಟೂತ್ ಸಹ 2.4 ಗಿಗಾಹರ್ಟ್ಸ್ ತರಂಗಾಂತರವನ್ನೇ ಹಂಚಿಕೊಳ್ಳುವುದರಿಂದ, ಕಾರ್ಡ್ ಮತ್ತು ರೂಟರ್ ಎರಡಕ್ಕೂ ಸಾಮರ್ಥ್ಯವಿದ್ದಲ್ಲಿ 5 ಗಿಗಾಹರ್ಟ್ಸ್‌ಗೆ ಬದಲಾಗುವುದು ಒಳಿತು.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ವೇಗ ಅಳೆದು, ಬರೆದಿಟ್ಟುಕೊಳ್ಳಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ರೋಗ ವಾಸಿಯಾದರೂ ಮದ್ದು ಯಾವುದೆಂದು ತಿಳಿಯದು. ಇಷ್ಟೆಲ್ಲ ಆದ ಮೇಲೂ ವೇಗ ಏರದಿದ್ದರೆ ಹೊಸ ಕಾರ್ಡ್‌ನ ಯೋಚನೆ ಮಾಡಬಹುದು.