ಅಜ್ಜಿ ಬರೆದ ಮೊಮ್ಮಗನ ಯುದ್ಧ

ಅಜ್ಜಿಯ ಬದುಕನ್ನು ಮೊಮ್ಮಕ್ಕಳು ಬರೆಯುವುದುಂಟು. ಮೊಮ್ಮಗನದನ್ನು ಅಜ್ಜಿ ಬರೆಯಬೇಕಾಗಿ ಬಂದರೆ? ಬಂಗಾಳಿಯಲ್ಲಿ ಅಂಥದೊಂದು ಪುಸ್ತಕವಿದೆ, ‘ಕಲ್ಯಾಣ ಪ್ರದೀಪ’. 1928ರಲ್ಲಿ ಅದು ಅಚ್ಚಾದಾಗ ಬರೆದಾಕೆ ಮೋಕ್ಷದಾಯಿನಿ ಮುಖೋಪಾಧ್ಯಾಯರಿಗೆ ಎಂಬತ್ತರ ಆಸುಪಾಸು. ಸೇನಾ ವೈದ್ಯನಾಗಿದ್ದ ಮೊಮ್ಮಗ, ಕ್ಯಾಪ್ಟನ್ ಕಲ್ಯಾಣಕುಮಾರ ಮುಖರ್ಜಿ, ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ಈಕೆಯನ್ನು ಮೂಲೆಯಲ್ಲಿ ಕೂತು ಜಪಮಣಿ ಎಣಿಸುವ ಅಜ್ಜಿ ಎಂದುಕೊಳ್ಳಬೇಡಿ. ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷ ಡಬ್ಲ್ಯು.ಸಿ. ಬ್ಯಾನರ್ಜಿಯವರ ಸಹೋದರಿ, 1870ರಷ್ಟು ಹಿಂದೆಯೇ ‘ಬಂಗ ಮಹಿಳಾ’ ಎಂಬ ಪತ್ರಿಕೆ ನಡೆಸಿದವರು. ಮೊಮ್ಮಗ ರಣರಂಗದಿಂದ ಮನೆಗೆ ಬರೆದ ಕಾಗದಗಳನ್ನು ಮುಂದಿಟ್ಟುಕೊಂಡು, ತಾವು ಕಾಣದ ದೇಶದ ಯುದ್ಧವನ್ನು ಬರೆದರು.

ಕಲ್ಯಾಣ ಸೇರಿದ್ದು ಇಂಡಿಯನ್ ಮೆಡಿಕಲ್ ಸರ್ವಿಸ್. ಲಂಡನ್ನಿನ ಸ್ಪರ್ಧಾ ಪರೀಕ್ಷೆಯ ಮೂಲಕ 1855ರಿಂದ ಭಾರತೀಯರಿಗೂ ಬಾಗಿಲು ತೆರೆದಿದ್ದ ಸೇವೆ ಅದು. ಮೊದಲ ಮಹಾಯುದ್ಧ ನಡೆಯುತ್ತಿದ್ದ 1915ರಲ್ಲಿ ಅವರು ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ ಹೋದರು. ಜನರಲ್ ಟೌನ್‌ಶೆಂಡ್ ಕೈಕೆಳಗಿನ 6ನೆಯ ಪೂನಾ ಡಿವಿಷನ್ ಆಗ ಟೈಗ್ರಿಸ್ ನದಿಗುಂಟ, ತುರ್ಕರ ವಶದಲ್ಲಿದ್ದ ಬಾಗ್ದಾದಿನತ್ತ ಸಾಗುತ್ತಿತ್ತು.

ಇಂಥ ಸೈನ್ಯದ ಜೊತೆ ವೈದ್ಯರು ಸಾಗುತ್ತಿದ್ದುದು ಫೀಲ್ಡ್ ಆಂಬುಲೆನ್ಸಿನಲ್ಲಿ. ಆ ಕಾಲದಲ್ಲಿ ಹಾಗೆಂದರೆ ಸೈರನ್ ಹಾಕಿಕೊಂಡು ಓಡುವ ಗಾಡಿಯಲ್ಲ. ವೈದ್ಯರು, ಡೋಲಿ ಹೊರುವವರು, ಅಡುಗೆಯವರು ಎಲ್ಲ ಸೇರಿದ ಒಂದು ತುಕಡಿ. ನವೆಂಬರ್‌ನಲ್ಲಿ ಟೆಸಿಫೋನ್ ಬಳಿ ನಡೆದ ಕಾಳಗದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಗಾಯಾಳುಗಳನ್ನು ನದಿದಂಡೆಗೆ ಸಾಗಿಸಲು ಸಿಕ್ಕಿದ್ದು ಸ್ಪ್ರಿಂಗ್ ಇಲ್ಲದ ಹೇಸರಗತ್ತೆ ಗಾಡಿಗಳು. ತೊಡೆಮೂಳೆ ಮುರಿದವನನ್ನು ಅಂಥ ಗಾಡಿಯಲ್ಲಿ ಹಳ್ಳದಿಣ್ಣೆ ದಾಟಿಸಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. 1917ರ ಮೆಸೊಪೊಟೇಮಿಯಾ ಆಯೋಗದ ವರದಿ ಈ ಅವ್ಯವಸ್ಥೆಯನ್ನು ಬಯಲಿಗೆಳೆಯಿತು. ಸರ್ಕಾರಿ ವರದಿಗೆ ನಾಚಿಕೆಯಾಗುವುದು ಅಪರೂಪ, ಇದಕ್ಕೆ ಆಗಿದೆ.

ಹಿಮ್ಮೆಟ್ಟಿದ ಸೈನ್ಯ ಕೂಟ್ ಎಂಬ ಊರಲ್ಲಿ ಸಿಕ್ಕಿಬಿತ್ತು. ತುರ್ಕರ ಮುತ್ತಿಗೆ 147 ದಿನ ನಡೆಯಿತು. ಅಲ್ಲಿಯ ವೈದ್ಯರ ಮುಂದೆ ಗುಂಡೇಟಿಗಿಂತ ದೊಡ್ಡ ಒಗಟೊಂದು ಬಂದು ನಿಂತಿತು. ಬ್ರಿಟಿಷ್ ಸಿಪಾಯಿಗಳಿಗೆ ಬೆರಿಬೆರಿ, ಭಾರತೀಯ ಸಿಪಾಯಿಗಳಿಗೆ ಸ್ಕರ್ವಿ. ಒಂದೇ ಊರು, ಒಂದೇ ಹಸಿವು, ರೋಗ ಮಾತ್ರ ಬೇರೆ! ಗುಟ್ಟು ತಟ್ಟೆಯಲ್ಲಿತ್ತು. ಬಿಳಿಯರು ತಿಂದದ್ದು ತೌಡು ತೆಗೆದ ಬಿಳಿ ಹಿಟ್ಟಿನ ಬ್ರೆಡ್ಡು. ನಮ್ಮವರ ರೊಟ್ಟಿಯ ಒರಟು ಹಿಟ್ಟು ಅವರನ್ನು ಬೆರಿಬೆರಿಯಿಂದ ಕಾಯಿತು. ಆದರೆ ಕುದುರೆ ಮಾಂಸ ಮುಟ್ಟಲು ಅವರಲ್ಲಿ ಬಹಳ ಮಂದಿ ಒಪ್ಪಲಿಲ್ಲ, ತರಕಾರಿಯಂತೂ ಇರಲೇ ಇಲ್ಲ. ವಸಡು ಊದಿ ರಕ್ತ ಸುರಿಯಿತು. ವಿಟಮಿನ್ ಎಂಬ ಮಾತೇ ಆಗಿನ್ನೂ ಹೊಸದು.

1916ರ ಏಪ್ರಿಲ್ 29ರಂದು ಕೂಟ್ ಶರಣಾಯಿತು. ಸುಮಾರು 13,000 ಮಂದಿ ಸೆರೆಯಾದರು. ಕಲ್ಯಾಣರೂ ಅವರಲ್ಲೊಬ್ಬರು. ಬಾಗ್ದಾದ್ ರೈಲುಮಾರ್ಗದ ಕೆಲಸ ನಡೆಯುತ್ತಿದ್ದ ರಾಸ್ ಅಲ್ ಐನ್‌ನಲ್ಲಿ ಸೆರೆಯಾಳುಗಳ ಜ್ವರ ನೋಡುತ್ತಿದ್ದ ವೈದ್ಯನನ್ನು 1917ರಲ್ಲಿ ಜ್ವರವೇ ಒಯ್ದಿತು. ಮಿಲಿಟರಿ ಕ್ರಾಸ್ ಪದಕ ಬಂದಿತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಪದಕವಲ್ಲ, 1915ರಲ್ಲಿ ಅವರು ಬರೆದ ಒಂದು ಕಾಗದ. ಪರರ ನೆಲ ಕಿತ್ತುಕೊಳ್ಳುವುದನ್ನೇ ದೇಶಭಕ್ತಿ ಎನ್ನುವ ಪಾಠವನ್ನು, ಅದನ್ನು ಕಲಿಸಿದ ಇಂಗ್ಲೆಂಡನ್ನು, ಬ್ರಿಟಿಷ್ ಸಮವಸ್ತ್ರ ತೊಟ್ಟ ಈ ವೈದ್ಯ ಅಲ್ಲಿ ನೇರವಾಗಿ ಟೀಕಿಸುತ್ತಾರೆ. ಅಜ್ಜಿ ಅದನ್ನು ಬಚ್ಚಿಡದೆ ಅಚ್ಚಿಗೆ ಕೊಟ್ಟರು.

ಇದೇ ಮುತ್ತಿಗೆಯಲ್ಲಿದ್ದ ಬೆಂಗಾಲ್ ಆಂಬುಲೆನ್ಸ್ ಕೋರ್‌ನ ಸ್ವಯಂಸೇವಕ ಶಿಶಿರ ಸರ್ವಾಧಿಕಾರಿಯವರು ದಿನಚರಿಯ ಹಾಳೆಗಳನ್ನು ಬೂಟಿನೊಳಗೆ ಬಚ್ಚಿಟ್ಟು ಉಳಿಸಿಕೊಂಡರು. ಅದರಿಂದ ಮೂಡಿದ ‘ಅಭಿ ಲೇ ಬಾಗ್ದಾದ್’ ಹೊರಬಂದದ್ದು ನಾಲ್ಕು ದಶಕದ ನಂತರ. ಕಾದಂಬರಿಕಾರ ಅಮಿತಾವ್ ಘೋಷ್ ಎರಡೂ ಪುಸ್ತಕಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಬಂಗಾಳಿ ಬಾರದವರು ಅಲ್ಲಿಂದ ಶುರುಮಾಡಬಹುದು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಕಾಲದಿಂದ ಬಂಗಾಳಿ ನಮಗೆ ನೆರೆಮನೆ. ಬಂಗಾಳಿ ಬಲ್ಲ ಅನುವಾದಕರು ಯಾರಾದರೂ ಈ ಅಜ್ಜಿಯ ಪುಸ್ತಕವನ್ನು ಒಮ್ಮೆ ಕೈಗೆತ್ತಿಕೊಳ್ಳಬೇಕು.